ಒಂದು ರೂಪಾಯಿಯ ಬಾಂಡು

2005ರ ಜುಲೈನಲ್ಲಿ ಅಸ್ಸಾಮಿನ ಜೈಲೊಂದರಿಂದ ಮಚಲ್ ಲಾಲುಂಗ್ ಅನ್ನೋ ವೃದ್ಧರೊಬ್ಬರು ಹೊರಗೆ ಬಂದರು. ಆಗ ಅವರಿಗೆ 77 ವರ್ಷ. ಒಳಗೆ ಹೋದಾಗ 23. ಬಿಡುಗಡೆಗೆ ಕೋರ್ಟು ಬರೆಸಿಕೊಂಡಿದ್ದು ಒಂದು ರೂಪಾಯಿಯ ವೈಯಕ್ತಿಕ ಬಾಂಡು. ನಡುವೆ ಕಳೆದದ್ದು 54 ವರ್ಷ. ಅಂದ್ರೆ ನೀವು ಹುಟ್ಟಿ, ಓದಿ, ಕೆಲಸಕ್ಕೆ ಸೇರಿ, ಫ್ಲ್ಯಾಟಿನ ಇಎಂಐ ತೀರಿಸಿ, ಇನ್ನೇನು ರಿಟೈರ್ ಆಗಬೇಕು ಅನ್ನೋವರೆಗಿನ ಆಯಸ್ಸು.

ಅಷ್ಟು ವರ್ಷ ಒಳಗಿದ್ದರು ಅಂದ್ಮೇಲೆ ಏನೋ ಘೋರವಾದದ್ದೇ ಮಾಡಿರಬೇಕು ಅನಿಸುತ್ತೆ ಅಲ್ವಾ? ಮಾಡಿದ್ದರೋ ಇಲ್ಲವೋ ಅಂತ ಯಾರೂ ವಿಚಾರಣೆಯನ್ನೇ ಮಾಡಲಿಲ್ಲ. ಈಗಿನ ಮೋರಿಗಾಂವ್ ಜಿಲ್ಲೆಯ ಬುಡಕಟ್ಟಿನವರು. 1951ರಲ್ಲಿ, ಯಾರಿಗೋ ಗಂಭೀರ ಗಾಯ ಮಾಡಿದ ಆರೋಪದ ಮೇಲೆ ಹಿಡಿದರು. ಮಾನಸಿಕ ಸ್ಥಿತಿ ಸರಿಯಿಲ್ಲ ಅಂತ ತೇಜಪುರದ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಅಲ್ಲಿನ ಡಾಕ್ಟರುಗಳು ಇವರು ಸರಿಯಾಗಿದ್ದಾರೆ ಅಂತ ಬರೆದುಕೊಟ್ಟರು. ಅಲ್ಲಿಂದ ಕೋರ್ಟಿಗೋ ಮನೆಗೋ ಹೋಗಬೇಕಿತ್ತು ತಾನೇ? ಮತ್ತೆ ಜೈಲಿಗೆ ಹೋದರು. ಹೊರಬರೋಕೆ ಇನ್ನೂ 38 ವರ್ಷ ಬೇಕಾಯ್ತು, ಅದೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯೆ ಬಂದ ಮೇಲೆ.

ನಾನು ಇದನ್ನ ಮೊದಲು ಓದಿದಾಗ ಯಾರೋ ಒಬ್ಬ ಖಳನಾಯಕನನ್ನು ಹುಡುಕಿದೆ. ಸಿಗಲಿಲ್ಲ. ಆಸ್ಪತ್ರೆಯವರ ಲೆಕ್ಕದಲ್ಲಿ ಅವರ ಕೆಲಸ ಮುಗಿದಿತ್ತು. ಜೈಲಿನವರ ಲೆಕ್ಕದಲ್ಲಿ ಕೋರ್ಟು ಹೇಳದೆ ಬಿಡೋ ಹಾಗಿಲ್ಲ. ಕೋರ್ಟಿನ ಮುಂದೆ ಫೈಲೇ ಇಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಟಿಕೆಟ್ ಓಪನ್ ಇದೆ, ಅಸೈನೀ ಯಾರೂ ಇಲ್ಲ. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಅಂಥ ಟಿಕೆಟ್ ಎರಡು ವಾರ ಬಿದ್ದಿದ್ರೆ ಮ್ಯಾನೇಜರಿಗೆ ಮೇಲ್ ಹೋಗುತ್ತೆ. ಟಿಕೆಟ್‌ಗೆ ಹಸಿವೂ ಆಗಲ್ಲ, ವಯಸ್ಸೂ ಆಗಲ್ಲ.

ಸುಪ್ರೀಂ ಕೋರ್ಟು ಅವರಿಗೆ 3 ಲಕ್ಷ ರೂಪಾಯಿ ಪರಿಹಾರ, ತಿಂಗಳಿಗೆ 1,000 ಕೊಡಿ ಅಂತು. ಕ್ಯಾಲ್ಕುಲೇಟರ್ ತೆಗೆದು ಭಾಗಿಸಿದೆ, ಕೈ ಸುಮ್ಮನಿರಲ್ಲ. ಆ 3 ಲಕ್ಷವನ್ನು ಒಳಗಿದ್ದ ದಿನಗಳಿಗೆ ಹಂಚಿದರೆ ದಿನಕ್ಕೆ 15 ರೂಪಾಯಿ. 2007ರ ಕೊನೆಗೆ ಲಾಲುಂಗ್ ತೀರಿಕೊಂಡರು.

ಜೈಲು ಅಂದ್ರೆ ನನಗೆ ಸಿನಿಮಾ ನೆನಪಾಗಲ್ಲ, ನಮ್ಮೂರು ನೆನಪಾಗುತ್ತೆ. ನಮ್ಮ ದೊಡ್ಡಪ್ಪ ಒಬ್ಬರಿದ್ದಾರೆ, ಅಪ್ಪನ ದೊಡ್ಡಪ್ಪನ ಮಗ. ನಾನು ಒಂದನೇ ಕ್ಲಾಸಲ್ಲಿದ್ದಾಗ ಬದುವಿನ ಜಗಳದಲ್ಲಿ ಮಚ್ಚು ಬೀಸಿದರು, ಆ ಕಡೆಯವರು ಸತ್ತುಹೋದರು. ಇದರಲ್ಲಿ ಅನುಮಾನ ಏನಿಲ್ಲ, ಅರ್ಧ ಊರು ನೋಡಿದೆ. ಸತ್ತವರ ಮಗ ನನ್ನ ಕ್ಲಾಸ್‌ಮೇಟು. ನನಗಿಂತ ಒಂದು ಬೆಂಚು ಮುಂದೆ ಕೂರ್ತಿದ್ದ. ಏಳನೇ ಕ್ಲಾಸು ಮುಗಿಯೋವರೆಗೂ ನಾವಿಬ್ಬರೂ ಒಂದು ಮಾತಾಡಿಲ್ಲ. ದೊಡ್ಡಪ್ಪನ ಬಗ್ಗೆ ‘ಅಯ್ಯೋ ಪಾಪ’ ಅನ್ನೋಕೆ ಬಾಯಿ ತೆರೆದಾಗೆಲ್ಲ ಆ ಹುಡುಗನ ಬೆನ್ನು ಕಣ್ಣಿಗೆ ಬರುತ್ತೆ. ಅದಕ್ಕೇ ಅನ್ನಲ್ಲ.

ದೊಡ್ಡಪ್ಪನಿಗೆ ಜೀವಾವಧಿ ಆಯ್ತು. ಜೀವಾವಧಿ ಅಂದ್ರೆ 14 ವರ್ಷ ಅನ್ನೋದು ನಮ್ಮೂರ ಅರಳಿಕಟ್ಟೆಯ ಕಾನೂನು. ನಿಮ್ಮ ಆಫೀಸಿನ ಕಾಫಿ ಮಷೀನ್ ಹತ್ತಿರದ ಕಾನೂನೂ ಬಹುಶಃ ಅದೇ. ಪುಸ್ತಕದ ಪ್ರಕಾರ ಜೀವಾವಧಿ ಅಂದ್ರೆ ಜೀವ ಇರೋವರೆಗೆ. ಕೊಲೆಯಂಥ ಕೇಸುಗಳಲ್ಲಿ 14 ವರ್ಷ ತುಂಬೋ ಮೊದಲು ಸರ್ಕಾರ ಶಿಕ್ಷೆ ಕಡಿಮೆ ಮಾಡಿ ಬಿಡೋ ಹಾಗಿಲ್ಲ ಅಂತ 1978ರಲ್ಲಿ ಸೇರಿಸಿದ ನಿಯಮವೇ ಬಾಯಿಂದ ಬಾಯಿಗೆ ಹೋಗಿ ಹೀಗಾಗಿದೆ. ತುಂಬಿದ ಮೇಲೆ ಬಿಡಲೇಬೇಕು ಅಂತೇನಿಲ್ಲ. ಸನ್ನಡತೆಯ ಪಟ್ಟಿ ತಯಾರಾಗಬೇಕು, ಅದರಲ್ಲಿ ಹೆಸರಿರಬೇಕು, ಸರ್ಕಾರ ಒಪ್ಪಬೇಕು. ಆಮೇಲೆ ಜನವರಿ 26ಕ್ಕೋ ಆಗಸ್ಟ್ 15ಕ್ಕೋ ಗೇಟು ತೆಗೀತಾರೆ.

“ನಾಕು ಸಲ ಬಟ್ಟೆ ಗಂಟು ಕಟ್ಟಿದ್ದೆ ಕಣ್ಲಾ ಮಗ,” ಅಂತ ಒಮ್ಮೆ ದೊಡ್ಡಪ್ಪ ಹೇಳಿದ್ರು. “ಬೆಳಿಗ್ಗೆ ಬಾವುಟ ಹಾರ್ಸೋರು. ಹೆಸ್ರು ಕೂಗೋರು. ನಂದು ಬರ್ತಿರ್ಲಿಲ್ಲ. ಮಧ್ಯಾಹ್ನ ಗಂಟು ಬಿಚ್ಚೋದು.” ಅಷ್ಟೇ ಹೇಳಿ ಎಮ್ಮೆಗೆ ಹುಲ್ಲು ಹಾಕೋಕೆ ಎದ್ದುಹೋದರು. ಐದನೇ ಸಲ ಹೆಸರು ಬಂತು. ಆಗ ನಾನು ಬಿಇ ಕೊನೇ ವರ್ಷ. ವಾಪಸ್ ಬಂದಾಗ ಊರಲ್ಲಿ ಎಸ್‌ಟಿಡಿ ಬೂತು ಬಂದು, ಮುಚ್ಚಿಯೂ ಹೋಗಿತ್ತು.

ಆ ಹೆಸರು ಹತ್ತಿಸಿದ್ದು ದೊಡ್ಡಮ್ಮ. ಅವರಿಗೆ ಸಹಿ ಹಾಕೋಕೆ ಬರುತ್ತೆ, ಓದೋಕೆ ಬರಲ್ಲ. ಹಸಿರು ಬಣ್ಣದ ಒಂದು ವೈರ್ ಬ್ಯಾಗು, ಅದರೊಳಗೆ ಜಡ್ಜ್‌ಮೆಂಟ್ ಕಾಪಿ, ಪಹಣಿ, ಪಂಚಾಯ್ತಿ ಪತ್ರ, ವಕೀಲರು ಕೊಟ್ಟ ಚೀಟಿಗಳು. ಯಾವ ಕಾಗದ ಯಾವುದು ಅಂತ ಮೂಲೆ ಮಡಿಸಿ ಗುರುತು ಇಟ್ಟುಕೊಂಡಿದ್ದರು. ಪೆರೋಲಿಗೆ ಅರ್ಜಿ ಹಾಕಿ ಮಗಳ ಮದುವೆಗೆ ಗಂಡನನ್ನು ಚಪ್ಪರಕ್ಕೆ ಕರೆತಂದಿದ್ದೂ ಅದೇ ಬ್ಯಾಗು ಹಿಡ್ಕೊಂಡು. ತಿಂಗಳಿಗೊಮ್ಮೆ ಬಸ್ಸು ಹತ್ತೋರು. ಎಷ್ಟೋ ಸಲ ‘ಸಾಹೇಬ್ರಿಲ್ಲ, ನಾಳೆ ಬಾ’. ನಾಳೆ ಹೋಗೋರು.

ಲಾಲುಂಗ್ ಅವರ ಕಥೆಯಲ್ಲಿ ನಾನು ಹುಡುಕಬೇಕಿದ್ದದ್ದು ಖಳನಾಯಕನನ್ನಲ್ಲ, ಈ ವೈರ್ ಬ್ಯಾಗನ್ನು. ಅದು ಅಲ್ಲಿರಲಿಲ್ಲ. ಕೊಲೆ ಮಾಡಿದ ನಮ್ಮ ದೊಡ್ಡಪ್ಪ ಹದಿನಾರು ವರ್ಷಕ್ಕೆ ಬಂದರು, ತಪ್ಪೇ ಸಾಬೀತಾಗದ ಮನುಷ್ಯನಿಗೆ 54 ಹಿಡೀತು. ಅಳೆದದ್ದು ಅಪರಾಧವನ್ನಂತೂ ಅಲ್ಲ.

ಬಡ ದೇಶದ ಪಾಡು ಅಂತ ಬಿಟ್ಟುಬಿಡೋ ಹಾಗೂ ಇಲ್ಲ. ಜಪಾನಿನಲ್ಲಿ ಇವಾವೊ ಹಕಮಾದ ಅಂತ ಒಬ್ಬ ವೃತ್ತಿಪರ ಬಾಕ್ಸರ್ ಇದ್ದರು, ಆಮೇಲೆ ಸೋಯಾ ಪೇಸ್ಟ್ ಮಾಡೋ ಕಾರ್ಖಾನೆಗೆ ಸೇರಿದರು. 1966ರಲ್ಲಿ ಆ ಸಂಸ್ಥೆಯ ಅಧಿಕಾರಿಯ ಮನೆಯ ನಾಲ್ವರ ಕೊಲೆಯಾಯ್ತು. ಪೊಲೀಸರು ದಿನಗಟ್ಟಲೆ ವಿಚಾರಿಸಿ ತಪ್ಪೊಪ್ಪಿಗೆ ಪಡೆದರು, ಕೋರ್ಟಿನಲ್ಲಿ ಅವರು ಅದನ್ನ ನಿರಾಕರಿಸಿದರು, 1968ರಲ್ಲಿ ಮರಣದಂಡನೆ. ಅಲ್ಲಿ ಗಲ್ಲಿಗೇರಿಸೋ ದಿನ ಕೈದಿಗೆ ಗೊತ್ತಾಗೋದು ಅವತ್ತು ಬೆಳಿಗ್ಗೆ. ಅಂಥ ಬೆಳಗುಗಳನ್ನು ಆ ಮನುಷ್ಯ ದಶಕಗಟ್ಟಲೆ ಎಣಿಸಿದರು, ಮನಸ್ಸು ಕೈಬಿಟ್ಟಿತು. ಹೊರಗೆ ಅವರ ಅಕ್ಕ ಹಿದೆಕೊ ಇದ್ದರು. 2014ರಲ್ಲಿ ಮರುವಿಚಾರಣೆಗೆ ಆದೇಶವಾಗಿ ತಮ್ಮ ಹೊರಬಂದಾಗ ಅಕ್ಕನ ಮನೆಗೇ ಬಂದರು. 2024ರ ಸೆಪ್ಟೆಂಬರಿನಲ್ಲಿ ಕೋರ್ಟು, ಸಾಕ್ಷ್ಯ ಸೃಷ್ಟಿಸಿದ್ದು ಅಂತ ಹೇಳಿ ಅವರನ್ನು ನಿರ್ದೋಷಿ ಅಂತು. ಅವತ್ತು ಕೋರ್ಟಿನಲ್ಲಿ ತಮ್ಮನ ಪರವಾಗಿ ಕೂತಿದ್ದು ಹಿದೆಕೊ. ತಮ್ಮನನ್ನು ಹಿಡಿದಾಗ ಆಕೆಗೆ 33, ಅವತ್ತು 91.

ಒಂದು ಕುಟುಂಬದಲ್ಲಿ ಹಿದೆಕೊ ಇರಬಹುದು, ಇಲ್ಲದಿರಬಹುದು. ಕಾನೂನು ಆ ಅದೃಷ್ಟದ ಮೇಲೆ ನಿಲ್ಲಬಾರದು ಅನ್ನೋದು ನನ್ನ ತಕರಾರು. ನಮ್ಮ ಜೈಲುಗಳಲ್ಲಿ ಇರೋ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣಾಧೀನರು. ನಿಯಮ ಏನೂ ಇಲ್ಲ ಅಂತಲ್ಲ. ಲಾಲುಂಗ್ ಹೊರಬಂದ ಹೊತ್ತಿಗೇ ಸಂಸತ್ತು ಒಂದು ತಿದ್ದುಪಡಿ ಮಾಡಿತ್ತು: ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆಯಲ್ಲೇ ಕಳೆದವರನ್ನು ಸಾಮಾನ್ಯವಾಗಿ ಬಿಡಬೇಕು, ಮರಣದಂಡನೆಯ ಕೇಸುಗಳನ್ನು ಬಿಟ್ಟು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಮೊದಲ ಸಲದ ಆರೋಪಿಗೆ ಅದು ಮೂರನೇ ಒಂದು ಭಾಗ. ಆದ್ರೆ ಜೀವಾವಧಿ ಕೇಸಿನವರಿಗೂ, ಒಂದಕ್ಕಿಂತ ಹೆಚ್ಚು ಕೇಸಿರೋರಿಗೂ ಬಾಗಿಲು ಮುಚ್ಚಿದ್ದಾರೆ. ನನಗೆ ಖುಷಿ ಕೊಟ್ಟ ಸಾಲು ಬೇರೆ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಅರ್ಜಿ ಬರೆಯಬೇಕಾದ್ದು ಜೈಲು ಸೂಪರಿಂಟೆಂಡೆಂಟ್ ಅಂತ ಅದರಲ್ಲಿದೆ. ಕೊನೆಗೂ ಅಸೈನೀ ಕಾಲಂನಲ್ಲಿ ಒಂದು ಹೆಸರು!

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇನ್ನೂ ನಮ್ಮ ಧಾಟಿಯದು. ಜಾಮೀನು ಸಿಕ್ಕ ತಾರೀಕನ್ನು ಇ-ಪ್ರಿಸನ್ಸ್ ಸಾಫ್ಟ್‌ವೇರಿನಲ್ಲಿ ಹಾಕಬೇಕು, ಏಳು ದಿನದಲ್ಲಿ ಆ ವ್ಯಕ್ತಿ ಹೊರಗೆ ಹೋಗದಿದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಯಾಕಂದ್ರೆ ಜಾಮೀನು ಸಿಕ್ಕೂ ಶ್ಯೂರಿಟಿ ಕೊಡೋರಿಲ್ಲದೆ ಒಳಗೇ ಉಳಿದವರಿದ್ದಾರೆ. ನನ್ನ ಕೈಲಾದ್ರೆ ಆ ಒಂದು ಕಾಲಂಗೆ ಪುಕ್ಕಟೆ ಕೋಡ್ ಬರೆದುಕೊಡ್ತೀನಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮನ ಆ ಹಸಿರು ಬ್ಯಾಗು ಮೊಳೆಗೆ ನೇತಾಡ್ತಿತ್ತು. ಕೇಸು ಮುಗಿದು ಎಷ್ಟೋ ವರ್ಷ ಆಯ್ತಲ್ಲ, ಎಲ್ಲಾ ಫೋನಲ್ಲೇ ಸ್ಕ್ಯಾನ್ ಮಾಡಿಟ್ಟುಬಿಡ್ತೀನಿ, ಇದನ್ನ ಎಸೆದುಬಿಡಿ ಅಂದೆ. ಅವರು ಬ್ಯಾಗಿನ ಮೇಲಿನ ಧೂಳು ಸೆರಗಲ್ಲಿ ಒರೆಸಿ, ಇನ್ನೊಂದು ಸ್ವಲ್ಪ ಎತ್ತರದ ಮೊಳೆಗೆ ಹಾಕಿದರು.

“ಇರ್ಲಿ ಬುಡಪ್ಪ,” ಅಂದರು. “ಯಾರಾರ ಬಂದು ಕೇಳುದ್ರೆ?”