ಕಾವಲಿ ಪಳಗುತ್ತದೆ, ಗ್ಯಾಸ್ಕೆಟ್ ಸವೆಯುತ್ತದೆ

ಪಾತ್ರೆಗಳ ವಯಸ್ಸು ಕೇಳುವ ರೂಢಿ ನಮ್ಮಲ್ಲಿ ಇರಲಿಲ್ಲ. ಹಿತ್ತಾಳೆಯ ಕೊಳದಪ್ಪಲೆ ಅಜ್ಜಿಯ ಮದುವೆಯಲ್ಲಿ ಬಂದದ್ದು ಎಂದರೆ ಅದರ ಕುಲಗೋತ್ರ ಹೇಳಿದಂತೆ, ಅಷ್ಟೆ. ಲಂಡನ್ನಿನ ಕನ್ನಡ ಮನೆಗಳ ಅಡುಗೆಕೋಣೆಯಲ್ಲಿ ಈಗ ಬೇರೆ ಲೆಕ್ಕ ನಡೆಯುತ್ತದೆ: ನಾನ್‌ಸ್ಟಿಕ್ ತವಾಗೆ ಇಷ್ಟು ವರ್ಷ, ಕುಕ್ಕರಿಗೆ ಇಷ್ಟು ವರ್ಷ, ಆಮೇಲೆ ಬಿಸಾಡಬೇಕು, ಹಾಲಿನ ಡಬ್ಬಿಯ ಮೇಲೆ ತಾರೀಕು ಒತ್ತಿರುವ ಹಾಗೆ. ಈ ಲೆಕ್ಕ ನನಗೆ ಒಪ್ಪಿಗೆಯಾಗಿಲ್ಲ. ಯಾವ ಪಾತ್ರೆಯೂ ಇಡಿಯಾಗಿ ಮುದಿಯಾಗುವುದಿಲ್ಲ. ಅದರ ಒಂದು ಪದರವೋ ಒಂದು ಬಳೆಯೋ ಒಂದು ತಿರುಪೋ ಮೊದಲು ಸೋಲುತ್ತದೆ. ಸೋತದ್ದನ್ನು ಮತ್ತೆ ಕೂರಿಸಲು ಬಂದರೆ ಪಾತ್ರೆ ಉಳಿಯಿತು, ಬಾರದಿದ್ದರೆ ಹೋಯಿತು. ಹಿತ್ತಾಳೆಗೆ ಕಲಾಯಿ ಇದ್ದದ್ದೇ ಅದಕ್ಕೆ. ಪಾತ್ರೆ ಕಾಯಿಸಿ, ನವಸಾಗರ ಎರಚಿ, 232 ಡಿಗ್ರಿಗೇ ಕರಗುವ ತವರವನ್ನು ಬಟ್ಟೆಯಲ್ಲಿ ಒರೆಸಿ ಹರಡಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು, ಹುಣಿಸೆಹುಳಿಗೆ ಹೆದರಬೇಕಿರಲಿಲ್ಲ. ಪಾತ್ರೆ ಸೂಟ್‌ಕೇಸಿನಲ್ಲಿ ಲಂಡನ್ನಿಗೆ ಬಂತು, ಬೀದಿಯಲ್ಲಿ ಕೂಗುತ್ತಿದ್ದ ಕಲಾಯಿಯವನು ಬರಲಿಲ್ಲ.

ಕುಕ್ಕರಿನ ಕತೆ ಇನ್ನೂ ಸ್ವಾರಸ್ಯದ್ದು, ಯಾಕೆಂದರೆ ಅದು ಈ ಊರಿಗೆ ತವರಿಗೆ ಬಂದ ಹಾಗೆ ಬಂದಿದೆ. ಉಗಿಯನ್ನು ಮುಚ್ಚಿಟ್ಟು ಬೇಯಿಸುವ ಪಾತ್ರೆಯನ್ನು ಫ್ರಾನ್ಸಿನ ಡೆನಿ ಪಾಪ್ಯಾಂ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ತೋರಿಸಿದ. 1682ರಲ್ಲಿ ಅದರಲ್ಲೇ ಮಾಡಿದ ಅಡುಗೆಯನ್ನು ಅವರಿಗೆ ಬಡಿಸಿಯೂ ಬಿಟ್ಟ. ನಾವು ಊರಿನಿಂದ ಹೊತ್ತು ತರುವ ಹಾಕಿನ್ಸ್, ಪ್ರೆಸ್ಟೀಜ್ ಎರಡರ ಹೆಸರೂ ಇಂಗ್ಲೆಂಡಿನ ಕಂಪನಿಗಳಿಂದ ಬಂದವೇ. ಈ ಕುಕ್ಕರಿನ ಅಲ್ಯೂಮಿನಿಯಂ ಮೈ ಇಪ್ಪತ್ತು ವರ್ಷ ದಾಟಿದರೂ ಗಟ್ಟಿಯಾಗಿರಬಲ್ಲದು. ಸೋಲುವುದು ರಬ್ಬರ್ ಬಳೆ. ಒಳಗೆ 120 ಡಿಗ್ರಿಯ ಉಗಿ ದಿನಾ ತಾಗಿ ತಾಗಿ ಗ್ಯಾಸ್ಕೆಟ್ ಬಿರುಸಾಗುತ್ತದೆ, ಮುಚ್ಚಳದ ಅಂಚಿನಲ್ಲಿ ಉಗಿ ಸೊರ್ ಎನ್ನುತ್ತದೆ, ವಿಷಲ್ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಅಷ್ಟಕ್ಕೇ ಕುಕ್ಕರ್ ಹಾಳಾಯಿತು ಎಂದುಬಿಡುತ್ತೇವೆ. ಸೌತಾಲ್, ಟೂಟಿಂಗ್, ಈಸ್ಟ್ ಹ್ಯಾಮಿನ ನಮ್ಮ ಕಡೆಯ ಅಂಗಡಿಗಳಲ್ಲಿ ಗ್ಯಾಸ್ಕೆಟ್ ಸಿಗುತ್ತದೆ. ಕಂಪನಿಯೂ ಲೀಟರೂ ಹೊಂದಬೇಕು, ಅಷ್ಟೆ. ಒಳಗಿನ ಬಿಳಿ ಚಕ್ಕೆಯನ್ನು ಕಂಡು ಗಾಬರಿಯಾಗುವವರೂ ಇದ್ದಾರೆ. ಅದು ಲೋಹದ ರೋಗವಲ್ಲ, ಲಂಡನ್ನಿನ ನೀರಿನ ಗುಣ. ಥೇಮ್ಸ್ ಕಣಿವೆಯ ಸೀಮೆಸುಣ್ಣದ ಕಲ್ಲಿನಲ್ಲಿ ಇಳಿದು ಬರುವ ಗಡಸು ನೀರು ಕೆಟಲಿಗೂ ಇಡ್ಲಿ ಪಾತ್ರೆಗೂ ಸುಣ್ಣ ಬಳಿಯುತ್ತದೆ. ಹಿಂಡಿದ ನಿಂಬೆ ಸಿಪ್ಪೆಯನ್ನೋ ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣನ್ನೋ ಹಾಕಿ ನೀರು ಕುದಿಸಿದರೆ ಸುಣ್ಣ ಬಿಡುತ್ತದೆ, ಅಲ್ಯೂಮಿನಿಯಂ ಕಪ್ಪೂ ಹೋಗುತ್ತದೆ. ತಳ ಉಬ್ಬಿ ಒಲೆಯ ಮೇಲೆ ಗಿರಗಿರ ತಿರುಗತೊಡಗಿದರೆ, ಮುಚ್ಚಳ ಕೂರುವ ಅಂಚು ಸೊಟ್ಟಗಾದರೆ, ಆಗ ಮಾತ್ರ ಮರುಮಾತಿಲ್ಲ, ಹೊಸದೇ ಬೇಕು.

ಹಾಗಾದರೆ ನಾನ್‌ಸ್ಟಿಕ್ಕಿಗೂ ತಾರೀಕು ಬೇಡವೇ ಎಂದು ಕೇಳಬಹುದು. 1956ರಲ್ಲಿ ಫ್ರಾನ್ಸಿನಲ್ಲಿ ಟೆಫಾಲ್ ಶುರುವಾದಾಗಿನಿಂದ ಈ ಜಾತಿಯ ಪಾತ್ರೆಯ ಜಾತಕ ಒಂದೇ: ಕೊಂಡ ದಿನ ಅದು ಅತ್ಯುತ್ತಮ, ಮರುದಿನದಿಂದ ಇಳಿಮುಖ. ಪದರ ಹೋದರೆ ಮನೆಯಲ್ಲಿ ಮತ್ತೆ ಹಾಕಿಕೊಳ್ಳಲು ಬಾರದು. ಆದರೂ ವರ್ಷ ಎಣಿಸುವುದರಲ್ಲಿ ಅರ್ಥವಿಲ್ಲ. ಮರದ ಸೌಟು, ಸಣ್ಣ ಉರಿ ಇದ್ದ ಮನೆಯಲ್ಲಿ ಅದು ಬಹಳ ಕಾಲ ಬಾಳೀತು. ಸ್ಟೀಲ್ ಮಗುಚುವ ಕೈ ಇದ್ದಲ್ಲಿ ಯುಗಾದಿಗೆ ಕೊಂಡದ್ದು ದೀಪಾವಳಿಗೆ ಮುಗಿದೀತು. ಗೀರಿನಿಂದ ಎದ್ದ ಚೂರು ಹೊಟ್ಟೆಗೆ ಹೋದರೆ ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ನಿಜವಾಗಿ ಅಂಜಬೇಕಾದದ್ದು ಖಾಲಿ ತವಾ ಉರಿಯ ಮೇಲೆ ಮರೆತುಹೋಗುವುದಕ್ಕೆ: 260 ಡಿಗ್ರಿ ದಾಟಿದ ಮೇಲೆ ಪದರ ಒಡೆಯತೊಡಗುತ್ತದೆ, ಇನ್ನೂ ಕಾದರೆ ಅದರ ಹೊಗೆಗೆ ಪಂಜರದ ಗಿಳಿ ಸಾಯುತ್ತದೆ. ಅತ್ತ ಕಬ್ಬಿಣದ ಕಾವಲಿ ನೋಡಿ. ಮೊದಲ ದೋಸೆ ಅಂಟುತ್ತದೆ, ಹತ್ತನೆಯದೂ ಅಂಟಬಹುದು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲದ್ದಿ ಉಜ್ಜುತ್ತ ಹೋದಂತೆ ಎಣ್ಣೆಯೇ ಕಾದು ಗಟ್ಟಿಯಾಗಿ ಕರಿಯ ಮೆರುಗಿನ ಪದರವಾಗುತ್ತದೆ. ಪಳಗುವುದು ಎಂಬ ಮಾತನ್ನು ಆನೆಗೂ ಕಾವಲಿಗೂ ನಾವು ಸುಮ್ಮನೆ ಬಳಸಿದ್ದಲ್ಲ. ತುಕ್ಕು ಹಿಡಿದರೂ ತಿಕ್ಕಿ ಮತ್ತೆ ಪಳಗಿಸಬಹುದು.

ಲಂಡನ್ನಿನಲ್ಲಿ ಸವೆಯುವ ಮೊದಲೇ ಪಾತ್ರೆ ಸಾಯುವ ಇನ್ನೊಂದು ಬಗೆಯಿದೆ: ಕೆಳಗಿನ ಒಲೆ ಬದಲಾಗುವುದು. 1968ರ ಮೇ 16ರ ಬೆಳಗಿನ ಜಾವ ಕ್ಯಾನಿಂಗ್ ಟೌನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದಲ್ಲಿ, 18ನೇ ಮಹಡಿಯ ಹೆಂಗಸೊಬ್ಬರು ಟೀ ಕಾಯಿಸಲು ಕಡ್ಡಿ ಗೀರಿದರು. ಸೋರಿದ್ದ ಗ್ಯಾಸ್ ಸಿಡಿದು ಕಟ್ಟಡದ ಒಂದು ಮೂಲೆಯೇ ಕುಸಿಯಿತು, ನಾಲ್ವರು ಸತ್ತರು. ಆಮೇಲೆ ಅಂಥ ಎಷ್ಟೋ ಕಟ್ಟಡಗಳಿಂದ ಗ್ಯಾಸ್ ತೆಗೆಸಿದರು. ಅಂದು ಸೋತದ್ದು ಒಲೆಯಲ್ಲ, ಒಲೆಗೆ ಕೊಳವೆ ಜೋಡಿಸಿದ್ದ ಕಳಪೆ ಹಿತ್ತಾಳೆ ನಟ್ಟು. ಒಲೆ ಗಟ್ಟಿಮುಟ್ಟಾಗಿಯೇ ಉಳಿದು, ಆಕೆ ಅದನ್ನು ಹೊಸ ಮನೆಗೂ ಒಯ್ದರಂತೆ. ಈಗ ಹೊಸ ಫ್ಲ್ಯಾಟುಗಳಲ್ಲಿ ಇಂಡಕ್ಷನ್ ಬಂದಿದೆ. ಆಯಸ್ಕಾಂತ ಹಿಡಿಯದ ತಳವನ್ನು ಅದು ಕಾಯಿಸುವುದಿಲ್ಲ. ಗ್ಯಾಸ್ಕೆಟ್ ಹೊಸದಾದ ಅಲ್ಯೂಮಿನಿಯಂ ಕುಕ್ಕರ್ ಅಲ್ಲಿ ಪ್ರಯೋಜನಕ್ಕಿಲ್ಲ, ಹಿತ್ತಾಳೆಯೂ ಇಲ್ಲ. ಎಲ್ಲಕ್ಕಿಂತ ಹಳೆಯ ಕಬ್ಬಿಣದ ಕಾವಲಿ ಮಾತ್ರ, ತಳ ಸಮವಾಗಿದ್ದರೆ, ಎಲ್ಲಕ್ಕಿಂತ ಹೊಸ ಒಲೆಯೊಂದಿಗೆ ಮೊದಲ ದಿನವೇ ಹೊಂದಿಕೊಳ್ಳುತ್ತದೆ. ನಡುವೆ ಕಬ್ಬಿಣದ ತಟ್ಟೆಯಿಟ್ಟು ಕುಕ್ಕರ್ ಕೂರಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ; ಕರೆಂಟಿನ ಬಿಲ್ಲು ನೋಡಿದ ಮೇಲೂ ಅದನ್ನೇ ಹೇಳುವವರು ಕಡಿಮೆ.

ದುರಸ್ತಿಯ ಹೆಸರಿನಲ್ಲಿ ವಿಷ ಉಣ್ಣಬೇಕೇ ಎಂಬ ಆಕ್ಷೇಪ ಹಗುರದ್ದಲ್ಲ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಹೊರದೇಶದಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ, ಹಿಂಡಾಲಿಯಂ ಪಾತ್ರೆಗಳಿಂದ ಊಟಕ್ಕೆ ಸೀಸ ಇಳಿಯುತ್ತದೆಂದು ಎಚ್ಚರಿಸಿತು. ಇಲ್ಲಿ ಕೊರತೆ ಇರುವುದು ಮೂಲಲೋಹದಲ್ಲೇ, ತಿಕ್ಕಿದರೂ ಹೋಗದು. ಎಲ್ಲಿ ಎರಕ ಹೊಯ್ದದ್ದು, ಏನು ಬೆರೆಸಿದ್ದು ಎಂದು ಗೊತ್ತಿಲ್ಲದ ಪಾತ್ರೆಯಲ್ಲಿ ಸಾರು ಕುದಿಸದಿರುವುದೇ ಸರಿ; ಅದು ನಿನ್ನೆ ಕೊಂಡದ್ದಾದರೂ ಈ ಮಾತು ಹಾಗೇ ನಿಲ್ಲುತ್ತದೆ, ವಯಸ್ಸಿನ ಲೆಕ್ಕ ಇಲ್ಲಿಯೂ ಕೈಕೊಡುತ್ತದೆ. ಮತ್ತೆ, ಹ್ಯಾರೋದಿಂದ ಸೌತಾಲಿಗೆ ಬಸ್ಸು ಹತ್ತಿ ಗ್ಯಾಸ್ಕೆಟ್ ತರುವ ಹೊತ್ತಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಹೊಸ ಪಾತ್ರೆಯೇ ಸಿಗುತ್ತದಲ್ಲ ಎನ್ನುವವರ ಲೆಕ್ಕವೂ ತಪ್ಪಲ್ಲ, ಒಂದು ಸಲದ ಮಟ್ಟಿಗೆ. ಆ ಅಗ್ಗದ ಪಾತ್ರೆಯ ತೆಳುತಳ ಸೊಟ್ಟಗಾಗಿ ಇನ್ನೊಂದು, ಮತ್ತೊಂದು ಬರುವಾಗ ಬಸ್ಸಿನ ದುಡ್ಡು ಎಂದೋ ದಾಟಿರುತ್ತದೆ. ಅದಕ್ಕೇ ತಿಳಿದವರು ಊರಿಂದ ಬರುವವರ ಕೈಯಲ್ಲಿ ಒಂದಕ್ಕೆ ಮೂರು ಗ್ಯಾಸ್ಕೆಟ್ ತರಿಸಿ, ಸಾಸಿವೆ ಡಬ್ಬಿಯ ಹಿಂದಿನ ಮೊಳೆಗೆ ಬಳೆ ನೇತುಹಾಕಿದ ಹಾಗೆ ಹಾಕಿಟ್ಟಿರುತ್ತಾರೆ.