ಚಿತ್ರದ ಪೆಟ್ಟಿಗೆ

ಕನ್ನಡ ಮಾಸ್ತರರಿಗೂ ಯಂತ್ರಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂಬುದು ಲೋಕದ ನಂಬಿಕೆ. ಅದನ್ನು ಸುಳ್ಳು ಮಾಡಬೇಕೆಂಬ ಹಟ ನನಗೆಂದೂ ಇದ್ದಿರಲಿಲ್ಲ. ಆದರೆ ನಮ್ಮ ವಿಭಾಗಕ್ಕೊಂದು ಜಾಲಪುಟ ಬೇಕೆಂದು ತೀರ್ಮಾನವಾದ ದಿನ ನಾನು ಸಭೆಗೆ ತಡವಾಗಿ ಹೋದೆ. ಆ ತಪ್ಪಿಗೆ ಕೆಲಸ ನನ್ನ ಕೊರಳಿಗೇ ಬಿತ್ತು. ನಮ್ಮ ಹುಡುಗರು ಬರುವುದು ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಕಡೆಗಳಿಂದ. ಪುಟದ ನೆತ್ತಿಯ ಮೇಲೆ ಮೂರು ಊರುಗಳದೊಂದು ಪಟ್ಟಿ ಇರಲಿ. ಬೆರಳಿಟ್ಟರೆ ಪಟ್ಟಿ ಕೆಳಗಿಳಿಯಲಿ. ಆರಿಸಿದ ಊರಿನ ಚಿತ್ರ ಮೂಡಲಿ ಎಂದುಕೊಂಡೆ.

ನಿಜ ಹೇಳಬೇಕೆಂದರೆ ಈ ಕಲ್ಪನೆ ನನ್ನದಲ್ಲ, ಬಾಲ್ಯದಲ್ಲಿ ಬಂಡಿಹಬ್ಬಕ್ಕೆ ಬರುತ್ತಿದ್ದ ಚಿತ್ರದ ಪೆಟ್ಟಿಗೆಯವನದು. ನಾಲ್ಕಾಣೆ ಕೊಟ್ಟು ಕಿಂಡಿಗೆ ಕಣ್ಣಿಟ್ಟರೆ ಸಾಕು, ಅವನು ಹಿಡಿ ತಿರುವಿ, ತಾಳ ಬಡಿಯುತ್ತ, ದಿಲ್ಲಿಯನ್ನೂ ಬೊಂಬಾಯಿಯನ್ನೂ ರಾಗವಾಗಿ ಬಣ್ಣಿಸುತ್ತಿದ್ದ.

ಕೆಲಸ ಕೇಳಿದಷ್ಟು ಕಷ್ಟದ್ದಲ್ಲ. ಜಾಲಪುಟದ ಒಳಗೆ ಚಿತ್ರವೆಂದರೆ ಒಂದು ಕಡತದ ಹೆಸರು ಮಾತ್ರ. ಪಟ್ಟಿಯ ಪ್ರತಿ ಸಾಲಿಗೂ ಎರಡು ಮುಖ: ಓದುಗರಿಗೆ ಕಾಣುವ ಕನ್ನಡದ ಹೆಸರು ಒಂದು, ಯಂತ್ರಕ್ಕಷ್ಟೇ ಬೇಕಾದ ಕಡತದ ಇಂಗ್ಲಿಷ್ ಹೆಸರು ಇನ್ನೊಂದು. ಆಯ್ಕೆ ಬದಲಾದೊಡನೆ ಜಾವಾಸ್ಕ್ರಿಪ್ಟ್ ಭಾಷೆಯ ಒಂದೆರಡು ಸಾಲು ಎಚ್ಚೆತ್ತು, ಹಳೆಯ ಕಡತದ ಹೆಸರಿನ ಜಾಗದಲ್ಲಿ ಹೊಸದನ್ನು ಬರೆಯುತ್ತವೆ. ಚಿತ್ರ ತಾನಾಗಿ ಬದಲಾಗುತ್ತದೆ. 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಈ ಭಾಷೆಯ ಮೊದಲ ರೂಪವನ್ನು 10 ದಿನಗಳಲ್ಲಿ ಕಟ್ಟಿದರು. ಅದರ ಎರಡು ಸಾಲು ಬರೆಯಲು ನನಗೆ 11 ದಿನ ಹಿಡಿಯಿತು.

ಭಟ್ಕಳಕ್ಕೆ ಕೇತಪೈ ನಾರಾಯಣ ದೇವಸ್ಥಾನ, ಹೊನ್ನಾವರಕ್ಕೆ ಶರಾವತಿಯ ರೈಲುಸೇತುವೆ, ಕುಮಟಾಕ್ಕೆ ಮಿರ್ಜಾನ ಕೋಟೆ. ಮನೆಯಲ್ಲಿ ಮೂರೂ ಚಿತ್ರಗಳು ಚೆನ್ನಾಗಿ ಬಂದವು. ಕಾಲೇಜಿನ ಪುಟಕ್ಕೆ ಏರಿಸಿದ ಮೇಲೆ ಕೋಟೆ ಮಾಯ! ಪಿಯುಸಿ ಓದುವ ಮಗಳು ಬಂದು ನೋಡಿದಳು. ಕಡತದ ಹೆಸರಿನ ಮೊದಲಕ್ಷರ ದೊಡ್ಡದು, ನಾನು ಪಟ್ಟಿಯಲ್ಲಿ ಬರೆದದ್ದು ಸಣ್ಣದು. ನಮ್ಮ ಮನೆಯ ವಿಂಡೋಸ್ ಯಂತ್ರ ಈ ಭೇದವನ್ನು ಎಣಿಸದು. ಪುಟ ಕುಳಿತಿರುವ ಲಿನಕ್ಸ್ ಯಂತ್ರ ಎಣಿಸುತ್ತದೆ. “ಅಪ್ಪಾ, ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ನೀನು ಮಾರ್ಕು ಕಡಿತಿಯಲ್ಲ, ಇದೂ ಹಾಗೇ” ಎಂದಳು. ನಾನು ಮರುಮಾತಾಡದೆ ತಿದ್ದಿದೆ.

ಎಲ್ಲ ಸರಿಯಾಯಿತೆಂದು ಬೀಗುತ್ತಿರುವಾಗ ಹಳೆಯ ವಿದ್ಯಾರ್ಥಿಯೊಬ್ಬನ ಫೋನು ಬಂತು. ಅವನಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೇ ಅವನಿಗೆ ಕಣ್ಣು.

“ಪಟ್ಟಿ ಲಾಯ್ಕಾಗಿದೆ ಸರ್, ಬಾಣದ ಕೀಲಿ ಒತ್ತಿದ್ರೆ ಮೂರು ಹೆಸರೂ ಓದ್ತದೆ. ಆದ್ರೆ ಹೊನ್ನಾವರ ಆರಿಸಿ ಚಿತ್ರಕ್ಕೆ ಹೋದ್ರೆ ಭಟ್ಕಳದ ದೇವಸ್ಥಾನ ಅಂತದೆ. ಕುಮಟಾ ಆರಿಸಿದ್ರೂ ಭಟ್ಕಳವೇ. ಬಸ್ಸು ಸ್ಟ್ಯಾಂಡ್ ಬಿಟ್ಟೇ ಇಲ್ಲ ಕಾಣ್ತದೆ!”

ಅವನು ನಕ್ಕ, ನನಗೆ ನಗು ಬರಲಿಲ್ಲ. ಪ್ರತಿ ಚಿತ್ರದ ಬೆನ್ನಿಗೂ ಒಂದು ವಿವರಣೆಯ ಸಾಲು ಬರೆದಿಡುವ ಏರ್ಪಾಡುಂಟು; ಅದಕ್ಕೆ ಆಲ್ಟ್ ಎಂದು ಹೆಸರು. ಚಿತ್ರ ಕಾಣದವರಿಗೆ ತಂತ್ರಾಂಶ ಓದಿ ಹೇಳುವುದು ಅದನ್ನೇ. ನಾನು ಚಿತ್ರವನ್ನು ಬದಲಿಸಿದ್ದೆ, ಮಾತನ್ನು ಬದಲಿಸಿರಲಿಲ್ಲ. ಕಣ್ಣಿದ್ದವರಾರಿಗೂ ಇದು ಗೊತ್ತಾಗುವಂತಿರಲಿಲ್ಲ. ಬಂಡಿಹಬ್ಬದ ಆ ಮನುಷ್ಯ ಎಷ್ಟು ಓದಿದ್ದನೋ ಕಾಣೆ. ಆದರೆ ಚಿತ್ರ ತಿರುಗಿದೊಡನೆ ಅವನ ಮಾತೂ ತಿರುಗುತ್ತಿತ್ತು. ಮಾತನ್ನೇ ಉಂಡು ಬದುಕುವ ನಾನು ಮಾತನ್ನೇ ಮರೆತಿದ್ದೆ.

ಅಂದು ರಾತ್ರಿ ಇನ್ನೊಂದು ಸಾಲು ಸೇರಿಸಿದೆ: ಚಿತ್ರದೊಡನೆ ವಿವರಣೆಯೂ ಬದಲಾಗಬೇಕು. ಅದೇನೋ ಸುಲಭ, ವಿವರಣೆ ಬರೆಯುವುದೇ ಕಷ್ಟವಾಯಿತು. ‘ಹೊನ್ನಾವರದ ಸೇತುವೆಯ ಚಿತ್ರ’ ಎಂದು ಬರೆದೆ. ಬಡಪಾಯಿ ಸಾಲು! ಹುಡುಗರ ಉತ್ತರಪತ್ರಿಕೆಯಲ್ಲಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಹೊಡೆದುಹಾಕಿ, ಚಿತ್ರವನ್ನು ಮೊದಲ ಬಾರಿಗೆ ನೋಡುವವನಂತೆ ನೋಡಿದೆ. ‘ಅಗಲವಾದ ಶರಾವತಿ. ಸಾಲುಗಂಬಗಳ ಮೇಲೆ ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದದ ರೈಲುಸೇತುವೆ. ಕೆಳಗೆ ಒಂದು ದೋಣಿ.’

ಮರುದಿನ ಅವನೇ ಮತ್ತೆ ಫೋನು ಮಾಡಿದ. “ಸೇತುವೆ ನನಗೆ ಗೊತ್ತು ಸರ್. ರೈಲು ಹೊಳೆಯ ಮೇಲೆ ಬಂದಾಗ ಸದ್ದೇ ಬೇರೆಯಾಗ್ತದೆ. ಆದ್ರೆ ಕೆಳಗೆ ದೋಣಿ ಉಂಟಾ?”

“ಉಂಟು ಮಾರಾಯ.”

“ಅದ್ರಲ್ಲಿ ಯಾರಿದ್ದಾರೆ ಸರ್?”

ಫೋನನ್ನು ಕಿವಿಗೆ ಹಿಡಿದುಕೊಂಡೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಇಬ್ಬರಿದ್ದರು.