ಮುಟ್ಟಬಾರದ ನೀಲಿ ಚೆಲುವ

ಮಕ್ಕಳೇ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದುಹೋದ ಮೇಲೆ ನಾನು ಚೆನ್ನೈನ ಕಡಲತೀರಕ್ಕೆ ಹೋಗಿದ್ದೆ. ಮರಳಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ನೀಲಿ ಜೀವಿಯೊಂದು ಹೊಳೆಯುತ್ತಿತ್ತು. ಎತ್ತಿಕೊಳ್ಳಲು ಬಗ್ಗಿದೆ. “ತೊಡಾದೀಂಗ!” ಎಂದು ಮೀನುಗಾರ ಅಜ್ಜರೊಬ್ಬರು ಕೂಗಿದರು. ತಮಿಳಿನಲ್ಲಿ ಹಾಗೆಂದರೆ ‘ಮುಟ್ಟಬೇಡಿ’ ಎಂದು.

ಅದು ಗ್ಲಾಕಸ್ ಎಂಬ, ಚಿಪ್ಪಿಲ್ಲದ ಕಡಲ ಬಸವನಹುಳು. ಗಾಳಿ ನುಂಗಿ, ಹೊಟ್ಟೆ ಮೇಲಾಗಿ ತೇಲುತ್ತದೆ. ಮೇಲೆ ಹಾರುವ ಹಕ್ಕಿಗೆ ಅದರ ನೀಲಿ ಹೊಟ್ಟೆ ನೀರಿನಂತೆಯೇ ಕಾಣುತ್ತದೆ. ಕೆಳಗಿನ ಮೀನಿಗೆ ಬೆಳ್ಳಿಬಣ್ಣದ ಬೆನ್ನು ಬೆಳಕಿನಲ್ಲಿ ಬೆರೆತುಹೋಗುತ್ತದೆ.

ಇದರ ಕುಟುಕು ಇದರ ಸ್ವಂತದ್ದಲ್ಲ, ಗೊತ್ತೇ? ಲೋಳೆಮೀನಿನಂತಹ ಫೈಸಾಲಿಯಾವನ್ನು ತಿಂದು, ಅದರ ಕುಟುಕು ಕೋಶಗಳನ್ನು ತನ್ನ ಬೆರಳಿನಂತಹ ಅಂಗಗಳ ತುದಿಯಲ್ಲಿ ಕೂಡಿಡುತ್ತದೆ. ಹುಳು ಸತ್ತ ಮೇಲೂ ಅವು ಕುಟುಕಬಲ್ಲವು!

ನೀವೂ ಸಮುದ್ರತೀರಕ್ಕೆ ಹೋದಾಗ ಕಣ್ತುಂಬ ನೋಡಿ. ಕೈ ಮಾತ್ರ ದೂರವಿರಲಿ.